ಹೊಗೆಸೊಪ್ಪು ಮತ್ತು ಮಾದಕ ವಸ್ತುಗಳು: ವ್ಯಸನದ ಬಂಧನ, ಬಿಡುಗಡೆಯ ದಾರಿ



ಹೊಗೆಸೊಪ್ಪು ಮೂಲತಃ ಭಾರತದ ಸಸ್ಯವಲ್ಲ. ಅಮೆರಿಕ ಖಂಡದ ಈ ಗಿಡ ಪೋರ್ಚುಗೀಸರ ಮೂಲಕ ದಖ್ಖಣಕ್ಕೆ ಬಂದಿತು. ಅಕ್ಬರ್ ಚಕ್ರವರ್ತಿಯ ರಾಯಭಾರಿಯಾಗಿದ್ದ ಅಸದ್ ಬೇಗ್ ಅದನ್ನು ಆದಿಲಶಾಹಿಗಳ ರಾಜಧಾನಿಯಾದ ವಿಜಾಪುರದಲ್ಲಿ ಕಂಡು, 17ನೆಯ ಶತಮಾನದ ಆರಂಭದಲ್ಲಿ ಮೊಗಲ್ ಆಸ್ಥಾನಕ್ಕೆ ಕೊಂಡೊಯ್ದುದಾಗಿ ತಾನೇ ಬರೆದಿಟ್ಟಿದ್ದಾನೆ. ಚಕ್ರವರ್ತಿಯು ಕುತೂಹಲದಿಂದ ಒಂದೆರಡು ಬಾರಿ ಹೊಗೆಯನ್ನು ಸೇದಿದಾಗ, ವೈದ್ಯಗ್ರಂಥಗಳಲ್ಲಿ ಉಲ್ಲೇಖವಿಲ್ಲದ ಅಪರೀಕ್ಷಿತ ವಸ್ತುವಿದು ಎಂದು ಆಸ್ಥಾನದ ವೈದ್ಯನು ತಡೆದನು. ಅಕ್ಬರನು ಆ ಅಭ್ಯಾಸವನ್ನು ಬೆಳೆಸಿಕೊಳ್ಳಲಿಲ್ಲ. ಆದರೆ ಸರದಾರರು ಬಿಡಲಿಲ್ಲ, ವರ್ತಕರು ಮಾರತೊಡಗಿದರು. 1617ರಲ್ಲಿ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿದರೂ ಅದು ನಿಲ್ಲಲಿಲ್ಲ.

ಅಂದಿನ ವೈದ್ಯನಲ್ಲಿದ್ದುದು ಕೇವಲ ಸಂಶಯ. ಇಂದಿನ ವೈದ್ಯಶಾಸ್ತ್ರದಲ್ಲಿರುವುದು ಖಚಿತವಾದ ಪುರಾವೆ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಪ್ರಕಟಿಸಿದರು. 1951ರಲ್ಲಿ ಆರಂಭವಾದ ಬ್ರಿಟಿಷ್ ವೈದ್ಯರ ಮೇಲಿನ ಅಧ್ಯಯನವು 50 ವರ್ಷ ನಡೆಯಿತು. ಜೀವನವಿಡೀ ಸಿಗರೇಟು ಸೇದುವವರು ಸೇದದವರಿಗಿಂತ ಸರಾಸರಿ ಸುಮಾರು 10 ವರ್ಷ ಮೊದಲೇ ಮರಣ ಹೊಂದುತ್ತಾರೆಂದು 2004ರಲ್ಲಿ ಪ್ರಕಟವಾದ ಅದರ ಫಲಿತಾಂಶ ತಿಳಿಸಿತು.

ಭಾರತದಲ್ಲಿ ಈ ಪಿಡುಗಿನ ರೂಪಗಳು ಹಲವು. ಕರ್ನಾಟಕದ ಹಳ್ಳಿಗಳಲ್ಲಿ ಎಲೆ ಅಡಿಕೆಯೊಡನೆ ಹೊಗೆಸೊಪ್ಪು, ಕಡ್ಡಿಪುಡಿ ಹಾಗೂ ನಶ್ಯ. ಮುಂಬಯಿ ಮತ್ತು ಪುಣೆಯ ಕಡೆ ಹಲ್ಲಿಗೆ ಉಜ್ಜುವ ಮಿಶ್ರಿ. ದೆಹಲಿಯಲ್ಲಿ ಸುಣ್ಣ ಬೆರೆಸಿ ತಿಕ್ಕಿ ತುಟಿಯೊಳಗಿಡುವ ಖೈನಿ. ಎಲ್ಲೆಡೆಯೂ ಬೀಡಿ, ಸಿಗರೇಟು. ಕೆಲಸ ಅರಸಿ ಊರು ಬಿಟ್ಟು ಬಂದವನಿಗೆ ತವರಿನ ಚಟದ ಜೊತೆಗೆ ನಗರದ ಚಟವೂ ಅಂಟಿಕೊಳ್ಳುತ್ತದೆ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ 15 ವರ್ಷ ಮೇಲ್ಪಟ್ಟವರಲ್ಲಿ ಶೇಕಡಾ 28.6 ಮಂದಿ, ಅಂದರೆ ಸುಮಾರು 26.7 ಕೋಟಿ ಜನರು, ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ಸೇದುವವರು ಶೇಕಡಾ 10.7; ಜಗಿಯುವ, ಉಜ್ಜುವ ಮತ್ತು ಮೂಗಿಗೇರಿಸುವವರು ಶೇಕಡಾ 21.4. ಹೊಗೆಯಿಲ್ಲದ ತಂಬಾಕು ನಿರಪಾಯವೆಂಬ ನಂಬಿಕೆಯೇ ಈ ವ್ಯತ್ಯಾಸಕ್ಕೆ ಒಂದು ಕಾರಣ. ಆ ನಂಬಿಕೆಗೆ ಆಧಾರವಿಲ್ಲ.

ತಂಬಾಕಿನ ಹಿಡಿತಕ್ಕೆ ಕಾರಣವಾದ ವಸ್ತು ನಿಕೋಟಿನ್. ಸೇದಿದ ಹೊಗೆಯಲ್ಲಿರುವ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ತಲುಪಿ, ಸುಖಾನುಭವಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕದ ಸ್ರವಿಕೆಯನ್ನು ಹೆಚ್ಚಿಸುತ್ತದೆ. ದಿನ ಕಳೆದಂತೆ ಮೆದುಳು ಇದಕ್ಕೆ ಒಗ್ಗಿಹೋಗುತ್ತದೆ. ಆಗ ನಿಕೋಟಿನ್ ಇಲ್ಲದಿದ್ದರೆ ಚಡಪಡಿಕೆ, ಸಿಡುಕು, ನಿದ್ರಾಭಂಗ, ಏಕಾಗ್ರತೆಯ ಕೊರತೆ ತಲೆದೋರುತ್ತವೆ. ಬೀಡಿ ಸೇದಿದರೆ ಮನಸ್ಸು ಹಗುರವಾಗುತ್ತದೆ ಎನ್ನುವವನು ಬಹುಮಟ್ಟಿಗೆ ಹಿಂದಿನ ಬೀಡಿಯು ತಂದ ಚಡಪಡಿಕೆಯನ್ನೇ ಶಮನಗೊಳಿಸುತ್ತಿರುತ್ತಾನೆ. ಆದುದರಿಂದ ವ್ಯಸನವನ್ನು ಗುಣದೋಷವೆಂದು ಹಳಿಯುವುದು ಸರಿಯಲ್ಲ. ಅದು ಚಿಕಿತ್ಸೆಗೆ ಒಳಪಡುವ ಕಾಯಿಲೆ.

ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್‌ಕಾರಕಗಳು. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಅನಿಲವು ರಕ್ತದ ಹಿಮೋಗ್ಲೋಬಿನ್ ಜೊತೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಕೂಡಿಕೊಂಡು, ಅಂಗಾಂಗಗಳಿಗೆ ದೊರೆಯಬೇಕಾದ ಪ್ರಾಣವಾಯುವನ್ನು ಕಸಿದುಕೊಳ್ಳುತ್ತದೆ. ರಕ್ತನಾಳಗಳು ಕಿರಿದಾಗುತ್ತವೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ. ಹೃದಯಾಘಾತ, ಪಾರ್ಶ್ವವಾಯು, ದೀರ್ಘಕಾಲದ ಶ್ವಾಸರೋಗ ಹಾಗೂ ಹಲವು ಬಗೆಯ ಕ್ಯಾನ್ಸರುಗಳು ಇದರ ಪರಿಣಾಮ.

ಬೀಡಿ ಸಿಗರೇಟಿಗಿಂತ ಸೌಮ್ಯವೆಂಬುದೂ ತಪ್ಪು ತಿಳಿವಳಿಕೆ. ಅದರಲ್ಲಿ ತಂಬಾಕು ಕಡಿಮೆಯಿದ್ದರೂ, ಎಲೆಯ ಹೊದಿಕೆಯಿಂದಾಗಿ ಬೇಗನೆ ಆರಿಹೋಗುವ ಕಾರಣ ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ. ವಿಷವೂ ಅಷ್ಟೇ ಆಳಕ್ಕಿಳಿಯುತ್ತದೆ. ಭಾರತದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಬೀಡಿ ಸೇದುವ ಪುರುಷರ ಆಯುಷ್ಯ ಸುಮಾರು 6 ವರ್ಷ, ಸ್ತ್ರೀಯರ ಆಯುಷ್ಯ ಸುಮಾರು 8 ವರ್ಷ ಕಡಿಮೆಯಾಗುತ್ತದೆ. ಕ್ಷಯರೋಗಕ್ಕೂ ಧೂಮಪಾನಕ್ಕೂ ನಿಕಟ ಸಂಬಂಧವಿದೆ. ಚೆನ್ನೈ ನಗರದಲ್ಲೂ ತಮಿಳುನಾಡಿನ ಗ್ರಾಮಗಳಲ್ಲೂ ಮೃತಪಟ್ಟ ಸುಮಾರು 43,000 ಪುರುಷರ ವಿವರಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವು, ಸೇದುವವರಲ್ಲಿ ಕ್ಷಯದಿಂದ ಸಾಯುವ ಸಂಭವ ಸೇದದವರಿಗಿಂತ ನಾಲ್ಕು ಪಟ್ಟಿಗೂ ಅಧಿಕವೆಂದು ತೋರಿಸಿತು. ಇಕ್ಕಟ್ಟಾದ ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಮಲಗುವ ಕಾರ್ಮಿಕರಿಗೆ ಈ ಸಂಗತಿ ವಿಶೇಷವಾಗಿ ಅನ್ವಯಿಸುತ್ತದೆ. ಚಾಳಿನ ಪುಟ್ಟ ಮನೆಯಲ್ಲಿ ಒಬ್ಬನು ಬಿಟ್ಟ ಹೊಗೆಯನ್ನು ಪತ್ನಿ, ಮಕ್ಕಳು, ವೃದ್ಧರೆಲ್ಲರೂ ಉಸಿರಾಡುತ್ತಾರೆ. ಮಕ್ಕಳಲ್ಲಿ ಉಬ್ಬಸ ಮತ್ತು ಶ್ವಾಸಕೋಶದ ಸೋಂಕುಗಳು ಇದರಿಂದ ಹೆಚ್ಚುತ್ತವೆ.

ಜಗಿಯುವ ತಂಬಾಕಿನಿಂದ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರ್ ಬರುತ್ತದೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ವರ್ಗೀಕರಿಸಿದೆ. ಅಡಿಕೆ ಮತ್ತು ಗುಟ್ಕಾ ಸೇವಿಸುವವರಲ್ಲಿ ಕೆನ್ನೆಯ ಒಳಪೊರೆ ಬಿಗಿದು, ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ, ಮೂರು ಬೆರಳು ಹಿಡಿಸದಷ್ಟು ಕಿರಿದಾದ ಬಾಯಿ: ಇವುಗಳಲ್ಲಿ ಒಂದು ಕಂಡುಬಂದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಆರಂಭದಲ್ಲಿಯೇ ಪತ್ತೆಯಾದ ಬಾಯಿಯ ಕ್ಯಾನ್ಸರ್ ಬಹುತೇಕ ಗುಣವಾಗಬಲ್ಲದು.

ಗಾಂಜಾ, ಅಫೀಮು, ಬ್ರೌನ್ ಶುಗರ್ ಮೊದಲಾದ ಮಾದಕ ವಸ್ತುಗಳು ಇದೇ ಹಾದಿಯ ಇನ್ನೂ ಕಡಿದಾದ ಇಳಿಜಾರು. ಹೆಚ್ಚು ಪ್ರಮಾಣದ ಹೆರಾಯಿನ್ ಉಸಿರಾಟವನ್ನೇ ನಿಲ್ಲಿಸಬಲ್ಲದು. ಒಂದೇ ಸೂಜಿಯನ್ನು ಹಲವರು ಹಂಚಿಕೊಳ್ಳುವುದರಿಂದ ಎಚ್‌ಐವಿ ಮತ್ತು ಯಕೃತ್ತಿಗೆ ಮಾರಕವಾದ ಹೆಪಟೈಟಿಸ್ ಹರಡುತ್ತವೆ. ಗಾಂಜಾ ಎಳೆಯ ವಯಸ್ಸಿನವರ ನೆನಪು ಹಾಗೂ ಕಲಿಕೆಯನ್ನು ಕುಂದಿಸುತ್ತದೆ, ಕೆಲವರಲ್ಲಿ ಮನೋವಿಕಾರವನ್ನೂ ಉಂಟುಮಾಡುತ್ತದೆ. ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ನೋವಿನ ಹಾಗೂ ನಿದ್ರೆಯ ಮಾತ್ರೆಗಳಿಂದಲೂ ವ್ಯಸನ ಹುಟ್ಟುವುದುಂಟು. ಕೆಲಕಾಲ ಬಿಟ್ಟು ಮತ್ತೆ ಆರಂಭಿಸುವವನಿಗಂತೂ ಅಪಾಯ ಅತ್ಯಧಿಕ. ದೇಹದ ತಾಳಿಕೆ ಕುಗ್ಗಿರುವುದರಿಂದ ಹಿಂದಿನ ಪ್ರಮಾಣವೇ ಪ್ರಾಣ ತೆಗೆಯಬಲ್ಲದು.

ಪೊಲೀಸರ ಭಯದಿಂದ ಅನೇಕ ಕುಟುಂಬಗಳು ವ್ಯಸನಿಯನ್ನು ಬಚ್ಚಿಡುತ್ತವೆ. 1985ರ ಮಾದಕ ವಸ್ತುಗಳ ಕಾಯಿದೆಯು ಮಾರಾಟಗಾರರಿಗೆ ಕಠಿಣ ಶಿಕ್ಷೆಯನ್ನು ವಿಧಿಸುತ್ತದೆ. ಆದರೆ ಸ್ವತಃ ಸೇವಿಸಿದ ಅಥವಾ ಅಲ್ಪ ಪ್ರಮಾಣಕ್ಕೆ ಸಂಬಂಧಿಸಿದ ಅಪರಾಧದ ಆರೋಪಕ್ಕೆ ಒಳಗಾದ ವ್ಯಸನಿಯು ಸ್ವಇಚ್ಛೆಯಿಂದ ಅಂಗೀಕೃತ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾಗಿ, ಅದನ್ನು ಪೂರ್ಣಗೊಳಿಸಿದರೆ ಮೊಕದ್ದಮೆಯಿಂದ ವಿನಾಯಿತಿ ನೀಡುವ ಅವಕಾಶವನ್ನೂ ಅದೇ ಕಾಯಿದೆ ಕಲ್ಪಿಸಿದೆ. ಮನೆಯವರು ಇದನ್ನು ತಿಳಿದಿರುವುದು ಅಗತ್ಯ.

ತಂಬಾಕಿನ ವಿಷಯದಲ್ಲಿಯೂ ಕಾನೂನು ಬಲಗೊಂಡಿದೆ. 2003ರ ಕಾಯಿದೆಯು 18 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನು ನಿಷೇಧಿಸಿತು. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ತಡೆಯುವ ಬಿಗಿಯಾದ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದವು. 2019ರಲ್ಲಿ ಇ-ಸಿಗರೇಟುಗಳನ್ನೂ ನಿಷೇಧಿಸಲಾಯಿತು. ಆದರೆ ಜಹಾಂಗೀರನ ಕಾಲದಿಂದಲೂ ಕಂಡುಬಂದಂತೆ, ಆಜ್ಞೆಯೊಂದರಿಂದಲೇ ಚಟ ಬಿಡುವುದಿಲ್ಲ. ಅದಕ್ಕೆ ವ್ಯಕ್ತಿಯ ಸಂಕಲ್ಪ, ಮನೆಯವರ ಆಸರೆ, ವೈದ್ಯರ ನೆರವು ಮೂರೂ ಕೂಡಿಬರಬೇಕು.

ಎಷ್ಟೋ ವರ್ಷ ಸೇದಿಯಾಯಿತು, ಇನ್ನು ಬಿಟ್ಟರೇನು ಬಂತು ಎನ್ನುವವರಿಗೆ ಆ ಬ್ರಿಟಿಷ್ ವೈದ್ಯರ ಅಧ್ಯಯನದಲ್ಲಿಯೇ ಉತ್ತರವಿದೆ. 60ರಲ್ಲಿ ಬಿಟ್ಟವರು ಸುಮಾರು 3 ವರ್ಷ, 50ರಲ್ಲಿ ಬಿಟ್ಟವರು 6 ವರ್ಷ, 40ರಲ್ಲಿ ಬಿಟ್ಟವರು 9 ವರ್ಷಗಳ ಆಯುಷ್ಯವನ್ನು ಉಳಿಸಿಕೊಂಡರು. ಬಿಟ್ಟ ಒಂದು ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧದಷ್ಟು ತಗ್ಗುತ್ತದೆ. ಬಿಡಲು ತಡವಾಯಿತೆನ್ನುವ ವಯಸ್ಸು ಇಲ್ಲ.

ಬಿಡುವ ದಿನವನ್ನು ಮೊದಲೇ ಗೊತ್ತುಮಾಡಿ ಮನೆಯವರಿಗೂ ಸಂಗಡಿಗರಿಗೂ ತಿಳಿಸುವುದು ಉತ್ತಮ. ಮೊದಲ ಮೂರು ದಿನ ಬಯಕೆ ಅತ್ಯಂತ ತೀವ್ರವಾಗಿರುತ್ತದೆ. ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ಬಯಕೆಯ ಪ್ರತಿ ಅಲೆಯೂ ಕೆಲವು ನಿಮಿಷಗಳದ್ದು. ಆ ಹೊತ್ತಿನಲ್ಲಿ ನೀರು ಕುಡಿಯುವುದು, ನಾಲ್ಕು ಹೆಜ್ಜೆ ನಡೆಯುವುದು, ಯಾರೊಡನಾದರೂ ಮಾತಿಗೆ ತೊಡಗುವುದು ಉಪಯುಕ್ತ. ಅಗತ್ಯವಿದ್ದವರಿಗೆ ವೈದ್ಯರು ನಿಕೋಟಿನ್ ಗಮ್ ಅಥವಾ ಔಷಧಿಯನ್ನು ಸೂಚಿಸುತ್ತಾರೆ. ಒಮ್ಮೆ ಜಾರಿದರೆ ಸೋತಂತಲ್ಲ. ಅನೇಕರು ಹಲವು ಪ್ರಯತ್ನಗಳ ನಂತರವೇ ಗೆದ್ದಿದ್ದಾರೆ. ಮಾದಕ ವಸ್ತುಗಳ ವಿಷಯದಲ್ಲಿ ಮಾತ್ರ ಸ್ವಂತ ಪ್ರಯೋಗ ಬೇಡ. ಅಲ್ಲಿ ವೈದ್ಯರ ಉಸ್ತುವಾರಿ ಅನಿವಾರ್ಯ.

ತಂಬಾಕು ಬಿಡಬಯಸುವವರಿಗೆ 1800-11-2356 ಎಂಬ ಉಚಿತ ದೂರವಾಣಿ ಸೇವೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಅದರ ಪ್ರಾದೇಶಿಕ ಕೇಂದ್ರವಿರುವುದರಿಂದ ಹೊರನಾಡಿನ ಕನ್ನಡಿಗರು ತಾಯಿನುಡಿಯಲ್ಲಿಯೇ ಸಲಹೆ ಪಡೆಯಬಹುದು. ಮಾದಕ ವಸ್ತುಗಳ ವ್ಯಸನಕ್ಕೆ 14446 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ.

ಊರಿನಿಂದ ದೂರವಿರುವ ದುಡಿಮೆಗಾರನ ಒಂಟಿತನಕ್ಕೆ ಬೀಡಿ, ಗುಟ್ಕಾಗಳು ಸುಲಭದ ಸಂಗಾತಿಗಳಾಗಿ ಒದಗುತ್ತವೆ. ಆ ಸ್ಥಾನವನ್ನು ಮನುಷ್ಯರು ತುಂಬಬೇಕು. ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಬಾಯಿಯ ತಪಾಸಣೆಯ ಶಿಬಿರವನ್ನು ಏರ್ಪಡಿಸಬಹುದು, ಬಿಡಲು ಯತ್ನಿಸುತ್ತಿರುವವನ ಬೆನ್ನಿಗೆ ನಿಲ್ಲಬಹುದು. ವ್ಯಸನಿಯನ್ನು ದೂರವಿಡುವುದರಿಂದ ವ್ಯಸನ ದೂರವಾಗದು. ಅವನನ್ನು ಕೈಹಿಡಿದು ಚಿಕಿತ್ಸೆಗೆ ಕರೆದೊಯ್ಯುವುದು ಬಂಧುಮಿತ್ರರ ಕರ್ತವ್ಯ.