ವೋರ್ಟಿಸ್ ಗ್ರಹದ ಮಸುಕು

‘ಡಾಕ್ಟರ್ ಹೂ’ ಸರಣಿಯ ಹಳೆಯ ಕಂತುಗಳನ್ನು ನೋಡುವ ಕೇಳುಗರಿಂದ ಒಂದೇ ದೂರು ಮತ್ತೆ ಮತ್ತೆ ಬರುತ್ತಿದೆ. ‘ದಿ ವೆಬ್ ಪ್ಲಾನೆಟ್’ ಎಂಬ ಕಥೆ ಹಾಕಿದರೆ ಚಿತ್ರ ಮಸುಕು ಮಸುಕು. ಡಿಸ್ಕ್ ಕೆಟ್ಟಿದೆಯೇ? ಟಿ.ವಿ.ಯನ್ನು ರಿಪೇರಿಗೆ ಕೊಡಬೇಕೇ?

ಏನೂ ಕೆಟ್ಟಿಲ್ಲ. ಕಥೆ ನಡೆಯುವ ವೋರ್ಟಿಸ್ ಗ್ರಹದ ಗಾಳಿ ಭೂಮಿಯ ಗಾಳಿಯಂತೆ ತಿಳಿಯಾಗಿ ಕಾಣಬಾರದೆಂದು ನಿರ್ದೇಶಕ ರಿಚರ್ಡ್ ಮಾರ್ಟಿನ್ ಕ್ಯಾಮೆರಾ ಲೆನ್ಸಿನ ಮುಂದೆ ವ್ಯಾಸಲೀನ್ ಬಳಿದ ಗಾಜು ಇಡಿಸಿದರು. ಆ ಜಿಡ್ಡಿನೊಳಗಿಂದ ಹಾಯುವ ಬೆಳಕು ಚೆದುರುತ್ತದೆ, ಬಂಡೆಗಳ ಅಂಚು ಕರಗುತ್ತದೆ. ಮೂಲ ಟೇಪುಗಳು ಅಳಿಸಿಹೋಗಿವೆ. ಈಗ ಉಳಿದಿರುವುದು ಪರದೆಯಿಂದ ಇಳಿಸಿಕೊಂಡ 16 ಮಿ.ಮೀ. ಫಿಲ್ಮ್ ಪ್ರತಿ. ಅದೂ ಒಂದಿಷ್ಟು ಮಂಕು ಸೇರಿಸಿದೆ.

ಬಿಲ್ ಸ್ಟ್ರಟನ್ ಬರೆದ ಈ ಕಥೆ ಬಿಬಿಸಿಯಲ್ಲಿ 1965ರ ಫೆಬ್ರವರಿ 13ರಿಂದ ಮಾರ್ಚ್ 20ರವರೆಗೆ ಆರು ಶನಿವಾರ ಬಂತು. ಮೊದಲ ಕಂತನ್ನು 1 ಕೋಟಿ 35 ಲಕ್ಷ ಜನ ನೋಡಿದರು. ಡಾಕ್ಟರ್ ಮತ್ತು ಅವರ ಮೂವರು ಸಂಗಾತಿಗಳನ್ನು ಬಿಟ್ಟರೆ ಕಥೆಯಲ್ಲಿ ನರಪಿಳ್ಳೆಯೂ ಇಲ್ಲ. ಆಳೆತ್ತರದ ಇರುವೆಗಳಂಥ ಜಾರ್ಬಿ, ಚಿಟ್ಟೆಯ ರೆಕ್ಕೆಯ ಮೆನಾಪ್ಟ್ರಾ, ನೆಲದಡಿಯ ಆಪ್ಟೆರಾ, ಇಂಥವೇ ಪಾತ್ರಗಳು. ಮೆನಾಪ್ಟ್ರಾಗಳ ಕೈ ಬೀಸುವ ರೀತಿ, ಎಳೆದೆಳೆದು ಮಾತಾಡುವ ಲಯ ನಟಿ ರೋಸ್ಲಿನ್ ಡಿ ವಿಂಟರ್ ಅವರ ಕಾಣಿಕೆ. ಕೀಟಗಳ ಚಲನೆಗೆಂದೇ ಒಬ್ಬರನ್ನು ಕರೆಸಿದ ಧಾರಾವಾಹಿಯನ್ನು ‘ಮಕ್ಕಳಾಟ’ ಎಂದು ತಳ್ಳಿಹಾಕುವವರನ್ನು ಕಂಡರೆ ರೇಗುತ್ತದೆ.

ಕಂತುಗಳಲ್ಲಿ ಕಣ್ಣಿಗೆ ಬೀಳುವ ಎಡವಟ್ಟುಗಳನ್ನು ಕಂಡು ‘ತಪ್ಪಾದಾಗ ಇನ್ನೊಮ್ಮೆ ಚಿತ್ರಿಸಬಹುದಿತ್ತಲ್ಲ?’ ಎಂದೂ ಹಲವರು ಕೇಳುತ್ತಾರೆ. ಇದಕ್ಕೆ ತುಸು ನಿಧಾನವಾಗಿ ಉತ್ತರಿಸಬೇಕು. ಆಗಿನ ವಿಡಿಯೊ ಟೇಪು ಎರಡು ಇಂಚು ಅಗಲ. ಗಿರ್ರನೆ ತಿರುಗುವ ನಾಲ್ಕು ಹೆಡ್‌ಗಳು ಅದರ ಅಗಲಕ್ಕೆ ಅಡ್ಡಡ್ಡವಾಗಿ ಚಿತ್ರದ ಗೆರೆಗಳನ್ನು ಬರೆಯುತ್ತಿದ್ದವು. ಬಾನುಲಿಯ ಕಾಲಿಂಚಿನ ಟೇಪನ್ನು ನಾನೇ ಬ್ಲೇಡಿನಿಂದ ಕತ್ತರಿಸಿ ಅಂಟಿಸಿದ್ದೇನೆ. ಅಲ್ಲಿ ಕಿವಿಯೇ ದಾರಿ ತೋರಿಸುತ್ತದೆ. ವಿಡಿಯೊ ಟೇಪಿನಲ್ಲಿ ಆ ಅನುಕೂಲವಿಲ್ಲ. ಕಬ್ಬಿಣದ ಹುಡಿ ಬೆರೆತ ದ್ರವ ಸವರಿ, ಸೂಕ್ಷ್ಮದರ್ಶಕದಲ್ಲಿ ಗೆರೆ ಹುಡುಕಿ, ಸರಿಯಾಗಿ ಅಲ್ಲಿಯೇ ಕತ್ತರಿಸಬೇಕು. ಕೂದಲೆಳೆಯಷ್ಟು ತಪ್ಪಿದರೂ ಕತ್ತರಿಸಿದ ಜಾಗದಲ್ಲಿ ಚಿತ್ರ ಉರುಳಿಬಿಡುತ್ತದೆ. ಟೇಪೋ ದುಬಾರಿ, ಅಳಿಸಿ ಮತ್ತೆ ಬಳಸಬೇಕಾದದ್ದು. ಹೀಗಾಗಿ ಒಂದು ಕಂತಿಗೆ ಬೆರಳೆಣಿಕೆಯ ಕತ್ತರಿಗಷ್ಟೇ ಅವಕಾಶ. ಇನ್ನೊಮ್ಮೆ ಹೇಳುತ್ತೇನೆ: ಕತ್ತರಿಸುವುದು ಕಷ್ಟ, ಆದ್ದರಿಂದ ನಿಲ್ಲಿಸುವುದೂ ಕಷ್ಟ. ಕಂಪನಿ ನಾಟಕದಲ್ಲಿ ಪರದೆ ಎದ್ದ ಮೇಲೆ ಹೇಗೋ ಹಾಗೆ, ಏನೇ ಆದರೂ ಆಟ ಮುಂದುವರಿಯಬೇಕು. ಲಂಡನ್ನಿನ ರಿವರ್‌ಸೈಡ್ ಸ್ಟುಡಿಯೊದಲ್ಲಿ ವಾರಕ್ಕೊಂದು ಕಂತು, ಒಂದೇ ಸಂಜೆಯಲ್ಲಿ, ಬಹುಮಟ್ಟಿಗೆ ಓಡುವ ಓಟದಲ್ಲೇ ದಾಖಲಾಗುತ್ತಿತ್ತು.

ಮೂರನೆಯ ಕಂತಿನಲ್ಲಿ ಒಂದು ಜಾರ್ಬಿ ಓಡಿಬಂದು ಕ್ಯಾಮೆರಾಕ್ಕೇ ಢೀ ಕೊಡುತ್ತದೆ, ಆ ಸದ್ದೂ ಕೇಳುತ್ತದೆ. ಪ್ರಸಾರವಾದದ್ದೂ ಅದೇ ಚಿತ್ರಿಕೆ. ಅದನ್ನು ಅಲಕ್ಷ್ಯವೆನ್ನುವುದು ತಪ್ಪು. ಭಾರದ ಚಿಪ್ಪು ಹೊತ್ತ ನಟನಿಗೆ ಎದುರಿನದು ಸರಿಯಾಗಿ ಕಾಣದು, ಸೆಟ್ ಇಕ್ಕಟ್ಟು, ಗಡಿಯಾರ ಓಡುತ್ತಿದೆ. ಮೆನಾಪ್ಟ್ರಾಗಳ ಹಾರಾಟವನ್ನು ಮಾತ್ರ ಈಲಿಂಗ್ ಸ್ಟುಡಿಯೊದಲ್ಲಿ ನಟರನ್ನು ತಂತಿಗೆ ನೇತುಹಾಕಿ ಮೊದಲೇ ಫಿಲ್ಮಿಗೆ ಇಳಿಸಿಕೊಂಡಿದ್ದರು. ಬಿಡುವಿದ್ದಾಗ ಅದೇ ತಂಡ ಏನು ಮಾಡಬಲ್ಲದು ಎಂಬುದನ್ನು ಆ ತುಣುಕುಗಳಲ್ಲಿ ನೋಡಿ.

ಸಮಯ ಮುಗಿಯುತ್ತ ಬಂತು, ಸಲಹೆ ಚುಟುಕಾಗಿ. ಆರೂ ಕಂತುಗಳನ್ನು ಒಂದೇ ರಾತ್ರಿ ನೋಡಬೇಡಿ. ಇಪ್ಪತ್ತೈದು ನಿಮಿಷದ ಒಂದೊಂದು ಕಂತಿನಂತೆ, ವಾರಕ್ಕೊಮ್ಮೆ ನೋಡಲೆಂದು ಮಾಡಿದ ಕಥೆ ಅದು; ಒಟ್ಟಿಗೆ ನೋಡಿದರೆ ಎಳೆದಂತೆ ಅನ್ನಿಸುತ್ತದೆ. ಟಿ.ವಿ.ಯ ಬ್ರೈಟ್‌ನೆಸ್ ಏರಿಸಬೇಡಿ, ಮಸುಕು ಇನ್ನೂ ಬೆಳ್ಳಗಾಗುತ್ತದೆ. ಸಾಧ್ಯವಾದರೆ ಒಳ್ಳೆಯ ಸ್ಪೀಕರ್ ಹಚ್ಚಿ: ಹಿನ್ನೆಲೆಯ ಸಂಗೀತ ಲೆ ಸ್ಟ್ರುಕ್ತ್ಯೂರ್ ಸೊನೋರ್ ಎಂಬ ಫ್ರೆಂಚ್ ತಂಡದ್ದು, ಗಾಜಿನ ಕಡ್ಡಿಗಳನ್ನು ಒದ್ದೆ ಬೆರಳಿನಿಂದ ಉಜ್ಜಿ ನುಡಿಸುವ ವಾದ್ಯದಿಂದ ಬಂದದ್ದು.