ಶಾಲೆಯ ಗಣಕ, ವಿಜ್ಞಾನದ ಹೊಸಿಲು

1984–85ರಲ್ಲಿ ‘ಕ್ಲಾಸ್’ ಯೋಜನೆಯ ಮೂಲಕ ನಮ್ಮ ದೇಶದ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಗಣಕಗಳು ಬಂದವು. ಆ ಯಂತ್ರಗಳು ಬಹುಬೇಗ ಹಳತಾದವು. ಕೀಲಿಗಳನ್ನು ಒತ್ತುವುದನ್ನಷ್ಟೇ ಕಲಿತವರ ವಿದ್ಯೆಯೂ ಅವುಗಳೊಡನೆ ಹಳತಾಯಿತು. ಹಾಗಾದರೆ ವಿಶ್ವವಿದ್ಯಾಲಯದವರೆಗೆ ವಿದ್ಯಾರ್ಥಿಯ ಜೊತೆಗೆ ಬರುವಂಥದು ಯಾವುದು?

ಒಂದು ಸಣ್ಣ ನಿದರ್ಶನವನ್ನು ನೋಡೋಣ. ಇಂದಿನ ಶಾಲೆಗಳಲ್ಲಿ ಕಲಿಸುವ ಪೈಥಾನ್ ಭಾಷೆಯಲ್ಲಿ 0.1ಕ್ಕೆ 0.2ನ್ನು ಕೂಡಿಸಿದರೆ ಬರುವ ಉತ್ತರ 0.30000000000000004. ಯಂತ್ರವೇನೂ ಕೆಟ್ಟಿಲ್ಲ. ನಮ್ಮ ದಶಮಾಂಶದಲ್ಲಿ ಮೂರರಲ್ಲಿ ಒಂದು ಭಾಗ ಹೇಗೆ ಮುಗಿಯದೋ, ಸೊನ್ನೆ-ಒಂದುಗಳ ಅದರ ಲೆಕ್ಕದಲ್ಲಿ ಹತ್ತರಲ್ಲಿ ಒಂದು ಭಾಗವೂ ಹಾಗೆಯೇ ಮುಗಿಯದು, ಎಲ್ಲಿಯೋ ಕತ್ತರಿಸಲೇಬೇಕು. ಈ ಕಾರಣವನ್ನು ತಾನೇ ಹುಡುಕಿ ಕಂಡುಕೊಂಡ ವಿದ್ಯಾರ್ಥಿ ಮುಂದೆ ಪ್ರಯೋಗಾಲಯದಲ್ಲಿ ಯಾವ ಅಂಕಿಯನ್ನೂ ಕಣ್ಣುಮುಚ್ಚಿ ಒಪ್ಪುವುದಿಲ್ಲ. ಯಂತ್ರವನ್ನು ನಡೆಸುವುದರ ಜೊತೆಗೆ ಅದನ್ನು ಪ್ರಶ್ನಿಸುವುದನ್ನೂ ಶಾಲೆ ಕಲಿಸಬೇಕು.