ಗುಣವಾದ ನಾಯಿ ಮನೆಯದಾಗುವ ಬಗೆ

(ಲೋಣಾವಳಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಕೂಟದಲ್ಲಿ ಪಶುವೈದ್ಯರೊಬ್ಬರು ಮಾಡಿದ ಭಾಷಣ)



ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ವೀರಗಲ್ಲೊಂದು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949-50ರ ಆ ಶಾಸನವು ತಕ್ಕೋಲದ ಯುದ್ಧದ ಸಂಗತಿಯೊಡನೆ ಒಂದು ನಾಯಿಯ ವೃತ್ತಾಂತವನ್ನೂ ತಿಳಿಸುತ್ತದೆ. ಮಣಲೇರನ ಪರಾಕ್ರಮಕ್ಕೆ ಮೆಚ್ಚಿದ ಗಂಗ ದೊರೆ ಬೂತುಗನು ಬೇಕಾದುದನ್ನು ಕೇಳೆಂದಾಗ, ಆತನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಮಡಿದಾಗ ಮಣಲೇರನು ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟನು. ಕೇಳಿ ಪಡೆದ ನಾಯಿಯ ಹೊಣೆಯನ್ನು ಅದರ ಸಾವಿನ ಆಚೆಗೂ ಹೊತ್ತವನ ಕಥೆಯಿದು.

ಇಂದಿನ ಕಾನೂನಿನ ಆಶಯವೂ ಇದೇ ಆಗಿದೆ. 1976ರ 42ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಬಗ್ಗೆ ಅನುಕಂಪ ತೋರುವುದೂ ಒಂದು. ಬೀದಿನಾಯಿಗಳನ್ನು ದತ್ತು ಪಡೆಯಲು ಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದೆಂದೂ, ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರ ಹೊಣೆಯೆಂದೂ ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ. ಆದರೆ ನಾಯಿ ಬೀದಿಗೆ ಮರಳುವುದು ಬಹುಪಾಲು ಯಾವಾಗ? ಮನೆಗೆ ಬಂದ ಮೊದಲ ಕೆಲವು ವಾರಗಳಲ್ಲಿ, ಅದರಲ್ಲೂ ಕಾಯಿಲೆಯೊಂದು ಬಂದು ಹೋದ ಬಳಿಕ. ಇಂದು ನಾನು ಮಾತನಾಡಬೇಕೆಂದಿರುವುದು ಆ ಕೆಲವು ವಾರಗಳ ಬಗ್ಗೆ.

ನಮ್ಮ ಊರಿನಲ್ಲಿಯೇ ನಡೆದ ಒಂದು ಪ್ರಸಂಗವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಜಡಿಮಳೆಯಲ್ಲಿ, ರೈಲು ನಿಲ್ದಾಣದ ಬಳಿ ನಡುಗುತ್ತ ನಿಂತಿದ್ದ ಎರಡು ತಿಂಗಳ ಹೆಣ್ಣುಮರಿಯನ್ನು ಕುಟುಂಬವೊಂದು ಮನೆಗೆ ತಂದಿತು. ನಾಲ್ಕನೆಯ ದಿನ ಅದಕ್ಕೆ ವಾಂತಿ ಮತ್ತು ರಕ್ತಮಿಶ್ರಿತ ಭೇದಿ ಆರಂಭವಾಯಿತು. ಅದು ಪಾರ್ವೋ ರೋಗ. ಐದು ದಿನ ಗ್ಲೂಕೋಸ್ ಮತ್ತು ಲವಣದ ದ್ರಾವಣವನ್ನು ರಕ್ತನಾಳದ ಮೂಲಕ ಕೊಟ್ಟ ಮೇಲೆ ಮರಿ ಬದುಕಿತು. ನಾನು ಔಷಧದ ಚೀಟಿ ಬರೆದುಕೊಟ್ಟು, "ಇನ್ನು ಭಯವಿಲ್ಲ, ಕರೆದುಕೊಂಡು ಹೋಗಿ" ಎಂದೆ.

ಒಂದು ವಾರದ ನಂತರ ಆ ಮನೆಯ ತಾಯಿ ಬಂದರು. "ಡಾಕ್ಟರೇ, ಮರಿ ಮಂಚದ ಕೆಳಗಿನಿಂದ ಈಚೆಗೇ ಬರುವುದಿಲ್ಲ. ತಟ್ಟೆಯ ಹತ್ತಿರ ಹೋದರೆ ಗುರ್ರೆನ್ನುತ್ತದೆ. ಇವತ್ತು ಬೆಳಗ್ಗೆ ಮಗನ ಬೆರಳನ್ನು ಕಚ್ಚಿತು. ತಂದ ಜಾಗದಲ್ಲೇ ಬಿಟ್ಟು ಬರೋಣ ಎನ್ನುತ್ತಾರೆ ಇವರು" ಎಂದರು. ತಪ್ಪು ನನ್ನದೆಂದು ಆಗ ನನಗೆ ಅರಿವಾಯಿತು. ರೋಗಕ್ಕೆ ಚಿಕಿತ್ಸೆ ಕೊಟ್ಟಿದ್ದೆನೇ ಹೊರತು, ಗುಣವಾದ ಜೀವಿಯೊಡನೆ ಮನೆಯವರು ಹೇಗೆ ಬಾಳಬೇಕೆಂಬುದನ್ನು ಹೇಳಿರಲಿಲ್ಲ. ಅಂದು ಅವರಿಗೆ ಹೇಳಿದ್ದನ್ನೇ ಇಂದು ತಮಗೂ ಹೇಳುತ್ತೇನೆ.

ಮೊದಲನೆಯದು ಮಗುವಿನ ವಿಷಯ. ನಾಯಿ ಮರಿಯೇ ಆಗಿರಲಿ, ಮನೆಯದೇ ಆಗಿರಲಿ, ಹಲ್ಲು ತಾಗಿ ಚರ್ಮ ಹರಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಅಂದೇ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ಅಷ್ಟೂ ಚುಚ್ಚುಮದ್ದುಗಳನ್ನು ಪೂರೈಸಬೇಕು. ಗಾಯಕ್ಕೆ ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಅತಿ ವಿರಳ. ಸಕಾಲದಲ್ಲಿ ಲಸಿಕೆ ಪಡೆದರೆ ಆ ರೋಗ ಬಾರದಂತೆ ತಡೆಯಬಹುದು. ಆ ತಾಯಿಯನ್ನು ನಾನು ಮೊದಲು ಕಳುಹಿಸಿದ್ದು ಮಗನೊಡನೆ ಆಸ್ಪತ್ರೆಗೆ.

ಎರಡನೆಯದು ಆಹಾರ. ಪಾರ್ವೋ ವೈರಾಣು ಕರುಳಿನ ಒಳಪದರವನ್ನೇ ಹಾಳುಮಾಡುತ್ತದೆ. ಅದು ಮತ್ತೆ ಬೆಳೆಯುವವರೆಗೆ ಮೆತ್ತಗೆ ಬೇಯಿಸಿದ ಅನ್ನ, ಮಸಾಲೆಯಿಲ್ಲದೆ ಬೇಯಿಸಿದ ಮೂಳೆರಹಿತ ಕೋಳಿಮಾಂಸ ಇವುಗಳನ್ನು ಸ್ವಲ್ಪಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಕೊಡಬೇಕು. ಸೊರಗಿದೆಯೆಂದು ಬಟ್ಟಲು ತುಂಬ ಹಾಲು ಕುಡಿಸಿದರೆ ಭೇದಿ ಮರುಕಳಿಸಬಹುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ನಾಯಿಗೆ ವಿಷ. ನಮ್ಮ ಊರಿಗೆ ಬರುವ ಪ್ರವಾಸಿಗರು ಅಕ್ಕರೆಯಿಂದ ಎಸೆಯುವ ಚಾಕೊಲೇಟ್ ಫಡ್ಜ್ ಕೂಡ ವಿಷವೇ. ನಾವು ಜ್ವರಕ್ಕೆ, ನೋವಿಗೆ ನುಂಗುವ ಮಾತ್ರೆಗಳನ್ನು ಪಶುವೈದ್ಯರನ್ನು ಕೇಳದೆ ಕೊಡಲೇಬಾರದು.

ಮೂರನೆಯದು ಶುಚಿತ್ವ. ಪಾರ್ವೋ ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಅದರ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಫಿನಾಯಿಲನ್ನು ನಂಬುವಂತಿಲ್ಲ. ಮಲವನ್ನು ತೆಗೆದು ನೆಲವನ್ನು ತೊಳೆದ ಮೇಲೆ, ಒಂದು ಪಾಲು ದ್ರವರೂಪದ ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಒರೆಸಿ, ಹತ್ತು ನಿಮಿಷ ಹಾಗೆಯೇ ಬಿಡಬೇಕು. ಗುಣವಾದ ಮರಿಯ ಮಲದಲ್ಲಿಯೂ ಕೆಲವು ದಿನ ವೈರಾಣು ಹೊರಬೀಳುವುದರಿಂದ, ಲಸಿಕೆಯಾಗದ ಇತರ ನಾಯಿಗಳ ಬಳಿಗೆ ಅದನ್ನು ಬಿಡಬಾರದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಘಟ್ಟದ ಊರಿನಲ್ಲಿ ಇಲಿಜ್ವರದ ಅಪಾಯವೂ ಉಂಟು. ಆದುದರಿಂದ ಹಾಸಿಗೆಯನ್ನು ಹಲಗೆಯ ಮೇಲೆ ಒಣದಾಗಿರಿಸಿ. ನಿಂತ ನೀರನ್ನು ಕುಡಿಯಲು ಬಿಡಬೇಡಿ. ಉಳಿದ ಲಸಿಕೆಗಳನ್ನೂ ಜಂತುಹುಳುವಿನ ಔಷಧವನ್ನೂ ಯಾವಾಗ ಕೊಡಬೇಕೆಂದು ಪಶುವೈದ್ಯರನ್ನು ಕೇಳಿ, ಆ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಅದಕ್ಕೆ ಔಷಧದಂಗಡಿಯಲ್ಲಿ ಮದ್ದಿಲ್ಲ. ಮರಿಯ ದೃಷ್ಟಿಯಿಂದ ನೋಡಿ. ಬೀದಿಯಿಂದ ಅಪರಿಚಿತ ಮನೆ, ಅಲ್ಲಿಂದ ಸೂಜಿಗಳು, ಮತ್ತೆ ಅದೇ ಮನೆ. ಅದು ಅಡಗುವುದು ಕೃತಘ್ನತೆಯಿಂದಲ್ಲ, ಅಂಜಿಕೆಯಿಂದ. ಮಂಚದ ಕೆಳಗಿನಿಂದ ಎಳೆಯಬೇಡಿ. ಅಲ್ಲಿಯೇ ಒಂದು ಗೋಣಿ ಹಾಸಿ. ಮೊದಲ ಮೂರು ವಾರ ಒಬ್ಬರೇ, ನಿಗದಿತ ವೇಳೆಗೆ, ಒಂದೇ ಸ್ಥಳದಲ್ಲಿ ಊಟವಿಡಲಿ. ತಿನ್ನುವಾಗ ತಟ್ಟೆಯನ್ನು ಕಸಿಯಬೇಡಿ. ದೂರದಿಂದಲೇ ಒಂದು ಒಳ್ಳೆಯ ತುಣುಕನ್ನು ಅದರತ್ತ ಹಾಕಿ ಸುಮ್ಮನೆ ಮುಂದೆ ಸಾಗಿ. ಬರುವ ಕೈ ಕೊಡುವ ಕೈಯೆಂದು ಅದು ತಾನಾಗಿ ಕಲಿಯುತ್ತದೆ. ಗುರ್ರೆಂದರೆ ಹೊಡೆಯಬೇಡಿ, ಗುರ್ರೆನ್ನುವುದು ಎಚ್ಚರಿಕೆ, ಅದನ್ನು ಅಡಗಿಸಿದರೆ ನಾಯಿ ಎಚ್ಚರಿಸದೆಯೇ ಕಚ್ಚುವುದನ್ನು ಕಲಿಯಬಹುದು. ಮಕ್ಕಳು ನೆಲದ ಮೇಲೆ ದೂರ ಕುಳಿತು ಪುಸ್ತಕ ಓದಲಿ. ಹತ್ತಿರ ಬರುವುದು ನಾಯಿಯ ಇಷ್ಟಕ್ಕೆ ಬಿಟ್ಟದ್ದು. ಹಿರಿಯರಿಲ್ಲದಾಗ ಮಕ್ಕಳನ್ನೂ ನಾಯಿಯನ್ನೂ ಒಟ್ಟಿಗೆ ಬಿಡಬೇಡಿ.

ಆದರೆ ಅಂಜಿಕೆಯೆಂದು ತಿಳಿದು ಕಾಯಿಲೆಯನ್ನು ಕಡೆಗಣಿಸಲೂ ಬಾರದು. ಮರಿ ಊಟ ಬಿಟ್ಟರೆ, ವಾಂತಿ ಮರುಕಳಿಸಿದರೆ, ವಸಡು ಬಿಳುಪೇರಿದರೆ, ಮೈ ಅದುರಿದರೆ ಅಂದೇ ವೈದ್ಯರಲ್ಲಿಗೆ ಒಯ್ಯಿರಿ.

ಆ ತಾಯಿ ಮನೆಯವರಿಂದ ಮೂರು ತಿಂಗಳ ಅವಕಾಶ ಕೇಳಿದರು. ಹದಿನೈದನೆಯ ದಿನ ಮರಿ ತಾನಾಗಿ ಹೊರಬಂದು ಹುಡುಗನ ಪಾಟಿಚೀಲದ ಪಕ್ಕದಲ್ಲಿ ಮಲಗಿತಂತೆ. ದೀಪಾವಳಿಯ ವೇಳೆಗೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಕಾಯತೊಡಗಿತ್ತು. ರೇನ್‌ಕೋಟು ತೊಟ್ಟವರನ್ನು ಕಂಡರೆ ಅದು ಈಗಲೂ ಮಂಚದ ಕೆಳಗೆ ಓಡುತ್ತದೆ. ಕಾರಣವನ್ನು ಅದು ಹೇಳಲಾರದು, ಮನೆಯವರೂ ಕೇಳುವುದಿಲ್ಲ. ಮಳೆಗಾಲ ಬಂದಾಗ ಅವರು ರೇನ್‌ಕೋಟನ್ನು ಹೊರಗಿನ ಜಗುಲಿಯಲ್ಲಿಯೇ ಕಳಚಿಟ್ಟು ಒಳಗೆ ಬರುತ್ತಾರೆ.

ತಮ್ಮಲ್ಲಿ ಯಾರಾದರೂ ನಾಯಿಯೊಂದನ್ನು ಮನೆಗೆ ತರುವುದಾದರೆ, ಮೂರು ತಿಂಗಳ ಮುಂಚೆ ಅದರ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿರೆಂದು ಪ್ರಾರ್ಥಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.